ದಿಂಕೊ ಮತ್ತು ಮೊಣಕಾಲೆತ್ತರದ ಸೈಕಲ್

ಎಲ್ಲರಿಗೂ ನಮಸ್ಕಾರ. ನೆವೆಂಕಾ, ಲೊರೆಡಾನಾ — ತಾಯಿ ಮಗಳು ನಿಮ್ಮಿಬ್ಬರ ಎದುರು ನಿಂತು ದಿಂಕೊ ಬ್ಲೆಚಿಚ್ ಬಗ್ಗೆ 'ಇದ್ದ' ಎಂದು ಮಾತಾಡುವ ದಿನ ಇಷ್ಟು ಬೇಗ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಮಾನ್ಯ ನಿರ್ದೇಶಕರೇ, ಹಡಗು ರಿಪೇರಿಯ ಡ್ರೈಡಾಕ್‌ನ ಗೆಳೆಯರೇ, ನಮ್ಮ ಕಾರ್ನಿವಲ್ ತಂಡದವರೇ, ಎಲ್ಲರೂ ಕೆಲಸ ಬಿಟ್ಟು ಬಂದಿದ್ದೀರಿ, ಕೃತಜ್ಞತೆಗಳು. ಮೈಕ್ ಬೇಡ ಅಂದೆ, ಇವರು ಕೇಳಲಿಲ್ಲ. ನಾನು ಕ್ರೇನ್ ಓಡಿಸುವ ಎಡಾ, ಇಷ್ಟು ವರ್ಷ ಕ್ರೇನಿನ ಮೇಲಿಂದ ಕೂಗಿ ಕೂಗಿ ಪಳಗಿದ ಗಂಟಲು ಇದು. ಜೋರಾದರೆ ಕ್ಷಮಿಸಿ.

ಮೊದಲೇ ಹೇಳಿಬಿಡುತ್ತೇನೆ. ನನಗೆ ದಿಂಕೊ ಮೇಲೆ ಸಿಟ್ಟಿದೆ. ತೀರಿಹೋದವರ ಬಗ್ಗೆ ಹಾಗೆ ಮಾತಾಡಬಾರದು, ಗೊತ್ತು. ಆದರೂ ಇದೆ. ಯಾಕೆ ಅಂತ ಹೇಳಲಿಕ್ಕೇ ಎದ್ದು ನಿಂತಿದ್ದೇನೆ.

ಅವನ ಕೆಲಸ ನಿಮಗೆಲ್ಲ ಗೊತ್ತು. ರಿಪೇರಿಗೆ ಬಂದ ಹಡಗಿನ ಬೆಸುಗೆಗಳನ್ನು ಪರೀಕ್ಷೆ ಮಾಡುವುದು. ಒಂದು ಕೈಯಲ್ಲಿ ಪುಟ್ಟ ಸುತ್ತಿಗೆ, ಇನ್ನೊಂದರಲ್ಲಿ ಸೀಮೆಸುಣ್ಣ. ಟಕ್ — ಟಕ್ — ಟಕ್ — ಕಿವಿ ಕೊಟ್ಟು ಕೇಳುತ್ತಿದ್ದ. ಸಂಶಯ ಬಂತೋ, ಆ ಬೆಸುಗೆಯ ಸುತ್ತ ಒಂದು ಬಿಳಿ ಸೊನ್ನೆ. ಸೊನ್ನೆ ಬಿತ್ತು ಎಂದರೆ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು, ಚೌಕಾಶಿ ಇಲ್ಲ. ಬೆರ್ತೊ, ನಿನ್ನ ಬೆಸುಗೆಗಳಿಗೆ ಬಿದ್ದ ಸೊನ್ನೆಗಳನ್ನು ಸಾಲಾಗಿ ಇಟ್ಟರೆ ಬಂದರಿನ ತುದಿಯವರೆಗೆ ಹೋಗುತ್ತವೆ, ಅಲ್ಲವೇನಪ್ಪ? "ಇವನು ಹೆಂಡ್ತಿ ಮಾಡಿದ ಸೂಪಿಗೂ ಸೊನ್ನೆ ಹಾಕ್ತಾನೆ ಕಣ್ರೋ" ಎಂದು ನೀನೇ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದದ್ದು? ನೆವೆಂಕಾ ಅದನ್ನು ಯಾವತ್ತೂ ಅಲ್ಲಗಳೆಯಲಿಲ್ಲ.

ಆದರೆ ಇದನ್ನೂ ಹೇಳಬೇಕು. ದಿಂಕೊ ಸರಿ ಎಂದು ಬಿಟ್ಟ ಹಡಗು ಸಮುದ್ರಕ್ಕೆ ಇಳಿದ ಮೇಲೆ ನಾವು ನಿಶ್ಚಿಂತೆಯಾಗಿ ಮಲಗುತ್ತಿದ್ದೆವು. ಆ ಹಡಗಿನಲ್ಲಿ ಇದ್ದವರೂ ಮಲಗುತ್ತಿದ್ದರು.

ಇನ್ನು ಕಾರ್ನಿವಲ್. ಅದು ಬಂತೆಂದರೆ ನಮ್ಮೂರಲ್ಲಿ ಡಾಕ್ಟರು, ಪೊಲೀಸರು, ಬ್ಯಾಂಕಿನವರು ಎಲ್ಲರೂ ಮುಖವಾಡ ಹಾಕಿಕೊಂಡು ಬೀದಿಗೆ ಇಳಿಯುತ್ತಾರೆ. ದಿಂಕೊ ಒಬ್ಬ ಮಾತ್ರ ಫುಟ್‌ಪಾತಿನ ಮೇಲೆ — ಹೀಗೆ — ಕೈ ಹಿಂದೆ ಕಟ್ಟಿಕೊಂಡು. ನಮ್ಮ ತಂಡದ ಗಾಡಿ ಎದುರಿಗೆ ಬಂದರೆ ಬಗ್ಗಿ ಅದರ ಬೆಸುಗೆ ನೋಡುತ್ತಿದ್ದ. ನಮಗೆಲ್ಲ ವೇಷ ಹೊಲಿದುಕೊಡುವವಳು ಅವನ ಹೆಂಡತಿ. ಅವಳು ಕುಣಿಯುತ್ತ ಹೋಗುವಾಗ ಇವನಿಗೆ ಕೈ ಬೀಸಿದರೆ ಇವನು ಟೋಪಿ ಮುಟ್ಟಿಕೊಳ್ಳುತ್ತಿದ್ದ. ಅಷ್ಟೇ. ಪಕ್ಕದ ಮನೆಯವಳಿಗೆ ಮಾಡಿದ ಹಾಗೆ.

ನೆವೆಂಕಾ, ನೀನು ಒಂದು ಸಲ ನನಗೆ ಹೇಳಿದ್ದು ಇಲ್ಲಿ ಹೇಳಲಾ? — ತಲೆಯಾಡಿಸುತ್ತಿದ್ದಾಳೆ, ಹೇಳುತ್ತೇನೆ. "ಎಡಾ, ನನಗಿರೋದು ಒಂದೇ ಆಸೆ ಕಣೆ. ಈ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ಊರ ಮುಂದೆ ಹುಚ್ಚನ ಹಾಗೆ ಆಡ್ಬೇಕು. ನಾನು ಪಕ್ಕದಲ್ಲಿ ನಿಂತು ನೋಡ್ಬೇಕು."

ಆಮೇಲೆ ಒಂದು ಹಳೆಯ ಸರಕು ಹಡಗು ರಿಪೇರಿಗೆ ಬಂತು. ಅದರಿಂದ ಗುಜರಿಗೆ ಎಸೆದ ಸಾಮಾನಿನಲ್ಲಿ ಒಂದು ಸೈಕಲ್ ಇತ್ತು. ಯಾರೋ ತಮಾಷೆಗೆ ಮಾಡಿಸಿದ್ದು. ಇಷ್ಟೇ ಎತ್ತರ — ನನ್ನ ಕೈ ನೋಡಿ — ಮೊಣಕಾಲಿಗೆ ಬರುತ್ತದೆ. ಸರ್ಕಸ್ಸಿನಲ್ಲಿ ಕೋಡಂಗಿ ಓಡಿಸುತ್ತಾನಲ್ಲ, ಅಂಥದ್ದು. ಹಿಂದಿನ ಚಕ್ರ ಇಲ್ಲ, ಸೀಟು ಇಲ್ಲ, ಹ್ಯಾಂಡಲ್ ಮುರಿದಿದೆ. ದಿಂಕೊ ಎಂಥ ಆಳು? ಆ ಬಾಗಿಲಲ್ಲಿ ಅಡ್ಡ ತಿರುಗಿ ಬರುತ್ತಿದ್ದ. ಅಂಥವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ರೇನಿನ ಕೆಳಗೆ ಬಂದು ನಿಂತ.

"ಎಡಾ, ನೆವೆಂಕಾಗೆ ಹೇಳು. ಅವಳು ಕರಡಿ ವೇಷ ಹೊಲಿದ್ರೆ ನಾನು ಕಾರ್ನಿವಲ್‌ನಲ್ಲಿ ಇದನ್ನ ಓಡಿಸ್ತೀನಿ."

"ನೀನೇ ಹೇಳಪ್ಪ, ನಿನ್ನ ಹೆಂಡ್ತಿ ತಾನೇ?"

"ನಾನು ಹೇಳಿದ್ರೆ ನಂಬಲ್ಲ ಅವಳು."

ನಾನು ಹೇಳಿದೆ. ಅವಳು ಅವತ್ತೇ ಬಟ್ಟೆ ಕತ್ತರಿಸಲು ಕೂತಳು.

ಆ ಸೈಕಲನ್ನು ಅವನು ಹೇಗೆ ಕಟ್ಟಿದ ನೋಡಿ. ಹಡಗಿನ ಅಡುಗೆಮನೆಯ ತಳ್ಳುಗಾಡಿಯಿಂದ ಚಕ್ರ ಬಂತು. ಹ್ಯಾಂಡಲ್ಲಿಗೆ ಜೀವರಕ್ಷಕ ದೋಣಿಯ ಹಿತ್ತಾಳೆ ಸರಳು, ಬಗ್ಗಿಸಿ ತಿಕ್ಕಿ ಫಳಫಳ ಮಾಡಿದ. ಬ್ರೇಕಿಗೆ ಹಡಗಿನ ಬಾಗಿಲ ಅಂಚಿನ ರಬ್ಬರು. ಸೀಟಿಗೆ ನನ್ನ ಕ್ರೇನಿನ ಹಳೇ ಸೀಟಿನ ಚರ್ಮ — ನಾನು ವರ್ಷಾನುಗಟ್ಟಲೆ ಕೂತು ಹದ ಮಾಡಿದ್ದು, ಅದನ್ನೂ ಕೇಳಿ ಕತ್ತರಿಸಿಕೊಂಡು ಹೋದ. ಕ್ಯಾಬಿನ್ನಿನ ಓದುವ ದೀಪ ಮುಂದಕ್ಕೆ ಬಂತು. ಗುಜರಿ ರಾಶಿಯ ಮುಂದೆ ಅವನು ನಿಲ್ಲುವ ಠೀವಿ ನೋಡಿದರೆ ಚಿನ್ನದಂಗಡಿಗೆ ಬಂದವನ ಹಾಗೆ ಇರುತ್ತಿತ್ತು. ಆ ದಿನಗಳಲ್ಲಿ ಅವನು ಶಿಳ್ಳೆ ಹಾಕುತ್ತಿದ್ದ. ದಿಂಕೊ ಶಿಳ್ಳೆ ಹಾಕಿದ್ದನ್ನು ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದಿರಾ?

ಕಾರ್ನಿವಲ್ ಹತ್ತಿರ ಬಂತು. ವೇಷ ತಯಾರು, ಸೈಕಲ್ ತಯಾರು. ಮೆರವಣಿಗೆಯ ಹಿಂದಿನ ದಿನ ಅವನು ಅದನ್ನು ಮೇಜಿನ ಮೇಲಿಟ್ಟು ಸುತ್ತಿಗೆ ತೆಗೆದ. ಟಕ್ — ಟಕ್. ಕಿವಿ ಕೊಟ್ಟ. ಸೀಟಿನ ಕೆಳಗಿನ ಬೆಸುಗೆಗೆ ಸೊನ್ನೆ ಹಾಕಿದ.

ತನ್ನ ಬೆಸುಗೆಗೆ ತಾನೇ! "ಈ ವರ್ಷ ಆಗಲ್ಲ, ಮುಂದಿನ ವರ್ಷ" ಅಂದ. ನೆವೆಂಕಾ ವೇಷವನ್ನು ಮಡಿಸಿ ಕಪಾಟಿನಲ್ಲಿ ಇಟ್ಟಳು.

ಮುಂದಿನ ವರ್ಷವೂ ಹಾಗೇ ಆಯಿತು. ಅದರ ಮುಂದಿನ ವರ್ಷವೂ. ಒಮ್ಮೆ ಪೆಡಲ್, ಒಮ್ಮೆ ಮುಂದಿನ ಫೋರ್ಕ್. ಪ್ರತಿ ಚಳಿಗಾಲ ನೆವೆಂಕಾ ಆ ಕರಡಿಯ ಸೊಂಟದ ಹೊಲಿಗೆ ಬಿಚ್ಚಿ ಸ್ವಲ್ಪ ಅಗಲ ಮಾಡುತ್ತಿದ್ದಳು, ಯಾಕೆಂದರೆ ದಿಂಕೊ ಬೆಳೆಯುತ್ತಿದ್ದ. ಸೈಕಲ್ ಮಾತ್ರ ಹೊರಗೆ ಬರಲಿಲ್ಲ.

ಒಂದು ವರ್ಷ ನನ್ನನ್ನು ಕೂಗಿದ. "ಎಡಾ, ಮರಳಿನ ಮೂಟೆ ಇಳಿಸು."

"ಎಲ್ಲಿಗೆ?"

"ಸೈಕಲ್ ಮೇಲೆ."

ಎತ್ತುವ ಕೊಕ್ಕೆಗಳಿಗೆ ನಾವು ಇಲ್ಲಿ ಹೆಚ್ಚು ಭಾರ ಹಾಕಿ ಪರೀಕ್ಷೆ ಮಾಡುತ್ತೇವಲ್ಲ — ಅದೇ ನಿಯಮ, ಈ ಗೊಂಬೆ ಸೈಕಲ್ಲಿಗೂ! ಹಡಗಿನ ಎಂಜಿನ್ ಎತ್ತುವ ಕ್ರೇನಿನಿಂದ ನಾನು ಉಸಿರು ಬಿಗಿಹಿಡಿದು, ಮೊಟ್ಟೆ ಇಳಿಸುವ ಹಾಗೆ ಮೂಟೆ ಇಳಿಸುತ್ತಿದ್ದೇನೆ. ಡಾಕ್ ಪೂರ್ತಿ ಸುತ್ತ ನಿಂತಿದೆ. "ದಿಂಕೊ, ಹಡಗನ್ನೇ ಇಟ್ಟು ನೋಡೋಣ್ವಾ?" ಎಂದು ಬೆರ್ತೊ ಕೂಗಿದ. ಸೈಕಲ್ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ದಿಂಕೊ ಬಗ್ಗಿದ, ಕನ್ನಡಕ ಹಾಕಿಕೊಂಡ, ಹ್ಯಾಂಡಲ್ ಹತ್ತಿರ ಸೊನ್ನೆ ಬರೆದ.

"ಅಯ್ಯೋ ಮಾರಾಯ, ಅದು ಬಣ್ಣ ಬಿರಿದಿರೋದು! ಕಬ್ಬಿಣ ಅಲ್ಲ!" ಎಂದ ಬೆರ್ತೊ.

"ಬಣ್ಣ ಯಾಕೆ ಬಿರೀತು?"

"ಇಷ್ಟು ಭಾರ ಹಾಕಿದ್ರೆ ನನ್ನ ಮುಖದ ಬಣ್ಣಾನೂ ಬಿರಿಯುತ್ತೆ!"

ನಕ್ಕೆವು. ಎಷ್ಟು ನಕ್ಕೆವು! — ಈಗ ಆ ನಗು ನೆನೆಸಿಕೊಂಡರೆ ಸಂಕಟವಾಗುತ್ತದೆ. ಮನುಷ್ಯರು ಹೋಗುವ ಹಡಗಿಗೆ ಆ ಸೊನ್ನೆ ಬೇಕು, ಸರಿ. ಮೊಣಕಾಲೆತ್ತರದ ಸೈಕಲ್ ಮುರಿದರೆ ಏನಾಗುತ್ತಿತ್ತು, ಹೇಳಿ? ಕರಡಿ ಬೀದಿಯಲ್ಲಿ ಕುಂಡೆ ಊರಿ ಬೀಳುತ್ತಿತ್ತು. ಊರು ಇನ್ನೂ ಜೋರಾಗಿ ನಗುತ್ತಿತ್ತು. ನೆವೆಂಕಾ ಎಲ್ಲರಿಗಿಂತ ಜೋರಾಗಿ.

ಕಾರ್ನಿವಲ್ ಶುರುವಾಗುವ ಸಂತ ಅಂತೋನಿಯ ಹಬ್ಬದ ಹಿಂದಿನ ಬೆಳಿಗ್ಗೆ, ಕೆಲಸಕ್ಕೆ ಹೊರಡಲು ಶೂ ಕಟ್ಟಿಕೊಳ್ಳುತ್ತ ಬಗ್ಗಿದವನು ಮತ್ತೆ ಮೇಲೆ ಏಳಲಿಲ್ಲ. ಮರುದಿನ ಊರಲ್ಲಿ ಕಾರ್ನಿವಲ್ ಬಾವುಟ ಏರಿತು. ಈ ಭಾನುವಾರ ಮೆರವಣಿಗೆ. ಅದು ಮುಗಿದ ಮೇಲೆ ನಾವು ಹುಲ್ಲಿನ ಬೊಂಬೆಯ ತಲೆಗೆ ವರ್ಷದ ತಪ್ಪುಗಳನ್ನೆಲ್ಲ ಕಟ್ಟಿ ಸುಡುತ್ತೇವೆ. ಮಳೆ ಬಾರದ್ದು, ಮೀನು ಸಿಗದ್ದು, ಎಲ್ಲವೂ ಆ ಬೊಂಬೆಯದೇ ತಪ್ಪು. ದಿಂಕೊ ಆ ಸೈಕಲನ್ನು ಬೀದಿಯಲ್ಲಿ ಓಡಿಸದೆ ಹೋದದ್ದನ್ನು ಮಾತ್ರ ಅದರ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಮೊನ್ನೆ ಬೆರ್ತೊ ಒಳ್ಳೆ ಮನಸ್ಸಿನಿಂದಲೇ ಹೇಳಿದ, "ನೆವೆಂಕಾ, ಅವನ ನೆನಪಿಗೆ ಈ ಸಲ ಆ ಸೈಕಲ್‌ನ ನಾನು ಓಡಿಸ್ತೀನಿ." ಅವಳು ಅವನ ತೋಳು ಮುಟ್ಟಿ ಹೇಳಿದಳು, "ಬೇಡ ಬೆರ್ತೊ. ನನಗೆ ಸೈಕಲ್ ನೋಡೋ ಆಸೆ ಇರ್ಲಿಲ್ಲ."

ನೆವೆಂಕಾ — ನಿನಗೆ ಒಂದು ವಿಷಯ ಹೇಳಬೇಕು. ಮನೆಗೆ ಬಂದು ಹೇಳೋಣ ಎಂದು ಎರಡು ಸಲ ಬಾಗಿಲವರೆಗೆ ಬಂದೆ. ಆಗಲಿಲ್ಲ. ಇವರೆಲ್ಲ ಇದ್ದರೆ ನನಗೆ ಧೈರ್ಯ.

ಹೋದ ಶರತ್ಕಾಲ. ದಿಮ್ಮಿ ಜೋಡಿಸಲು ಡ್ರೈಡಾಕಿನ ತೊಟ್ಟಿಯ ನೀರು ಖಾಲಿ ಮಾಡಿದ್ದೆವು, ಹಡಗು ಇನ್ನೂ ಬಂದಿರಲಿಲ್ಲ. ಊಟದ ಹೊತ್ತು, ಎಲ್ಲರೂ ಕ್ಯಾಂಟೀನಿನಲ್ಲಿ ಇದ್ದರು. ನಾನು ಮಂಡಿನೋವಿಗೆ ಕೆಳಗೆ ಇಳಿಯದೆ ಕ್ರೇನಿನಲ್ಲೇ ಬ್ರೆಡ್ಡು ತಿನ್ನುತ್ತಿದ್ದೆ. ದಿಂಕೊ ಸೈಕಲ್ಲನ್ನು ಕಂಕುಳಲ್ಲಿ ಹಿಡಿದು ಡಾಕಿನ ಮೆಟ್ಟಿಲು ಇಳಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಮೇಲೆ ನೋಡಲಿಲ್ಲ. ಮೇಲೆ ಒಬ್ಬಳು ಕೂತಿರುತ್ತಾಳೆ ಅನ್ನುವುದನ್ನು ಜನ ಮರೆತುಬಿಡುತ್ತಾರೆ. ಸೈಕಲ್ ಹತ್ತಿದ. ಮೊಣಕಾಲು ಕಿವಿಯ ಹತ್ತಿರ. ಒಂದು ಸಲ ಬಿದ್ದ. ಎದ್ದ. ಮತ್ತೆ ಹತ್ತಿದ — ಆಮೇಲೆ ಓಡಿಸಿದ, ನೆವೆಂಕಾ. ಹಡಗು ಕೂರಿಸುವ ದಿಮ್ಮಿಗಳ ನಡುವೆ ಹಾವಿನ ಹಾಗೆ ಸುತ್ತಿ, ಒಂದು ಕೈ ಬಿಟ್ಟು, ಯಾರಿಗೋ ಬೀಸುತ್ತ.

ನನಗೆ ತಡೆಯಲಾಗಲಿಲ್ಲ. ಕಿಟಕಿ ತೆಗೆದು "ಭಲೇ ಕರಡಿ!" ಎಂದು ಕೂಗಿಬಿಟ್ಟೆ.

ಗಕ್ಕನೆ ನಿಂತ. "ಎಡಾ! ನೆವೆಂಕಾಗೆ ಹೇಳ್ಬೇಡ. ಕಾರ್ನಿವಲ್‌ನಲ್ಲಿ ಅವಳೇ ಮೊದಲು ನೋಡ್ಲಿ."

"ಈ ಸಲ ಖಂಡಿತಾನಾ?"

"ಖಂಡಿತ. ಆದ್ರೆ ಮುಂದಿನ ಚಕ್ರ ಎಡಕ್ಕೆ ಎಳೀತಿದೆ..."

"ಚಕ್ರ ಅಲ್ಲ ಮಾರಾಯ, ನೀನೇ ಎಡಕ್ಕೆ ವಾಲ್ತಿದ್ದೀಯ!"

ಅವನು ಆಗಲೇ ಜೇಬಿನಿಂದ ಸೀಮೆಸುಣ್ಣ ತೆಗೆಯುತ್ತಿದ್ದ. ನನ್ನ ಸಿಟ್ಟು ಇದೇ. ಆ ಮಧ್ಯಾಹ್ನ ಅದೇ ಸೈಕಲ್ ಮೇಲೆ ಗೇಟು ದಾಟಿ ಮನೆಗೆ ಹೋಗಿದ್ದರೆ ಆಗಿತ್ತು. ವೇಷ ಬೇಡ, ಮೆರವಣಿಗೆ ಬೇಡ. ನೀನು ಕಿಟಕಿಯಲ್ಲಿ ಇರುತ್ತಿದ್ದೆ.

— ಏನು ನೆವೆಂಕಾ? ಸ್ವಲ್ಪ ಸುಮ್ಮನಿರಿ, ಅವಳು ಏನೋ ಕೇಳುತ್ತಿದ್ದಾಳೆ.

ನಗುತ್ತಿದ್ದನಾ ಎಂದು ಕೇಳುತ್ತಿದ್ದಾಳೆ.

ನಗುತ್ತಿದ್ದ, ನೆವೆಂಕಾ. ಜೋರಾಗಿ ನಗುತ್ತಿದ್ದ. ಖಾಲಿ ಡಾಕಿನ ಗೋಡೆಗಳೆಲ್ಲ ಮೊಳಗುತ್ತಿದ್ದವು. ಕಿಟಕಿ ಮುಚ್ಚಿಕೊಂಡು ಕೂತ ನನಗೂ ಕೇಳಿಸಿತು. ಆ ನಗು ನಿನಗೆ ಸೇರಬೇಕಾದದ್ದು. ನಿನಗೆಂದೇ ಇಟ್ಟುಕೊಂಡಿದ್ದ. ಕಂಡವಳು ನಾನು.

ಮಾತು ಸಾಕು. ಸ್ನೇಹಿತರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ನೆವೆಂಕಾ, ನೀನು ಕೂತೇ ಇರು, ಲೊರೆಡಾನಾ ಅಮ್ಮನ ಕೈ ಹಿಡಿದುಕೋ. ಡಾಕಿನಲ್ಲಿ ಯಂತ್ರಗಳನ್ನು ನಿಲ್ಲಿಸಿದ್ದಾರೆ. ಅವನು ಒಮ್ಮೆ ನಕ್ಕದ್ದನ್ನು ನೆನೆಯುತ್ತ ಒಂದು ನಿಮಿಷ ಮೌನವಾಗಿರೋಣ.