ಅಚ್ಚಿನ ತುಂಡು, ಸೇತುವೆಯ ತುಂಡು

ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬಿನ ವರಾಂಡದಲ್ಲಿ ಸರದಿಗಾಗಿ ಕೂತಿದ್ದೆ. ನನಗಿಂತ ಮೊದಲಿನ ಟೋಕನ್ ಒಬ್ಬ ಹಿರಿಯ ಮೇಸ್ತ್ರಿಯದು. ಅವರ ತೊಡೆಯ ಮೇಲೆ ಗೋಣಿ ಸುತ್ತಿದ ಕಾಂಕ್ರೀಟ್ ತುಂಡು, ಪಕ್ಕದಲ್ಲಿ ಎಂಜಿನಿಯರ್ ಆಗಿರುವ ತಂಗಿಯ ಮಗಳು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

"ಮಾವ, ಇದನ್ನ ಅಚ್ಚಿಗೆ ಹೇಗೆ ಸುರಿದ್ರಿ?"

"ಒಂದು ತುದಿಯಿಂದ, ನಿಧಾನಕ್ಕೆ. ಎಣ್ಣೆ ಹರಿದ ಹಾಗೆ ಹರೀತು."

"ಹಾಗಾದ್ರೆ ಕಾಂಕ್ರೀಟಿಗೆ ಬೆರೆಸಿದ ಉಕ್ಕಿನ ಎಳೆಗಳೆಲ್ಲ ಉದ್ದಕ್ಕೆ ಮಲಗಿರುತ್ತವೆ."

"ಅದಕ್ಕೇ ಗಟ್ಟಿ ಕಣಮ್ಮ. ಕಣ್ಣು ಮುಚ್ಚಿಕೊಂಡು ಪಾಸಾಗುತ್ತೆ."

"ನಮ್ಮ ಕಾಲುಸೇತುವೆಯ ಕಾಂಕ್ರೀಟ್ ಹಲಗೆಗಳಿಗೂ ತುದಿಯಿಂದಲೇ ಸುರಿದ್ರಾ?"

"ಇಲ್ಲ, ನಡುವಿನಿಂದ. ಪಂಪಿನ ಪೈಪು ತುದಿಗೆ ಎಟುಕಲಿಲ್ಲ."

"ಅಲ್ಲಿಗೆ ಬಂತು ನೋಡಿ. ಅಲ್ಲಿ ಎಳೆಗಳು ಬೇರೆ ದಿಕ್ಕಿಗೆ ತಿರುಗಿರುತ್ತವೆ, ಬಲವೂ ಬೇರೆ ಇರುತ್ತೆ. ಈ ತುಂಡು ಪಾಸಾದ್ರೆ ಪಾಸಾಗೋದು ಈ ತುಂಡು ಮಾತ್ರ. ಹಲಗೆಯಿಂದಲೇ ಕೊಯ್ದು ತರಬೇಕು ಅಂತ ನಿಯಮ ಇರೋದು ಸುಮ್ಮನೆ ಅಲ್ಲ."

"ಕನ್ನಡಿ ಹಾಗೆ ಬಂದಿರೋ ಹಲಗೆ ಕೊಯ್ಯೋದಾ?"

"ಒಂದು ಹಲಗೆ ಹೋಗಲಿ, ಮತ್ತೆ ಎರಕ ಹೊಯ್ಯೋಣ. ಯಾಕೆ, ಭಯನಾ?"

"ಭಯ? ನನಗಾ? ಸರಿಯಾಗಿ ನಡುವಿಗೇ ಗುರುತು ಹಾಕು. ಜನ ನೀರು ನೋಡ್ತಾ ನಿಲ್ಲೋದು ಅಲ್ಲೇ. ಹಲಗೆ ಪರೀಕ್ಷೆಗೆ ನಿಲ್ಲುತ್ತೆ, ಬರೆದಿಟ್ಟುಕೋ."

"ನೀವು ಹೇಳಿದ್ರೆ ಆಯ್ತಾ ಮಾವ? ಮಷಿನ್ ಹೇಳಲಿ."

"ಹೇಳಲಿ ಬಿಡು. ಅದಕ್ಕೇನು ನನ್ನ ಮೇಲೆ ಹಗೆಯಾ?"

ಕಿಟಕಿಯಿಂದ ಅವರ ನಂಬರ್ ಕೂಗಿದರು. ಮೇಸ್ತ್ರಿ ತುಂಡನ್ನು ಹೆಗಲಿಗೇರಿಸಿಕೊಂಡು ಎದ್ದವರು, ಕಿಟಕಿಗೆ ಹೋಗದೆ ಹೊರಬಾಗಿಲ ಕಡೆ ಹೆಜ್ಜೆ ಹಾಕುತ್ತಾ ನನಗೆ ಹೇಳಿದರು:

"ನೀವು ಹೋಗಿ ಸ್ವಾಮಿ. ನಮ್ಮದು ಇನ್ನೂ ಸೇತುವೆಯಲ್ಲೇ ಇದೆ."