ಗೋಡೆಯಾಚೆಯಿಂದ ಬಂದ ಮೂರು ಬಡಿತ

ಹೇಳಿಕೆ ಕೊಟ್ಟವರು: ಗೂಡುಸಾಬ ತಂದೆ ದಾವಲಸಾಬ ನದಾಫ, ವಯಸ್ಸು 47 ವರ್ಷ, ಉದ್ಯೋಗ: ಮನೆಗಳ ಸೂರಿನೊಳಗೆ ಶಾಖ ತಡೆಯುವ ಹಾಸು ಹಾಕುವುದು, ಸ್ವಂತ ಊರು ಸಿಂದಗಿ ತಾಲೂಕು, ಹಾಲಿ ವಾಸ ಹೊರರಾಜ್ಯದ ಫಾತೋರ್ಡಾ.

ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಬರೆಸುವುದೇನೆಂದರೆ, ದಿನಾಂಕ 14.05.2024ರಂದು ಬೆಳಿಗ್ಗೆ 9.10ಕ್ಕೆ ನಾನು ಮತ್ತು ನನ್ನ ಹೆಂಡತಿ ಜೈನಬ ಫಾತೋರ್ಡಾದ ಒಂದು ಹಂಚಿನ ಮನೆಗೆ ಕೆಲಸಕ್ಕೆ ಹೋದೆವು. ಅದು ಒಂದೇ ಸೂರಿನ ಕೆಳಗೆ ಗೋಡೆ ಕಟ್ಟಿ ಎರಡು ಮಾಡಿದ ಮನೆ, ಯಜಮಾನರೂ ಬೇರೆ ಬೇರೆ. ನಮಗೆ ಹೇಳಿದ್ದ ಭಾಗದಲ್ಲಿ ಇಳಿಜಾರಾದ ಹಲಗೆಯ ಒಳಸೂರಿದೆ. ಅದಕ್ಕೂ ಹಂಚಿಗೂ ನಡುವಿನ ಜಾಗ ಅಂಚಿನಲ್ಲಿ ಹದಿನಾಲ್ಕೇ ಇಂಚು. ನಾನು ಹೊಟ್ಟೆಯ ಮೇಲೆ ತೆವಳುತ್ತಾ ಹಾಸನ್ನು ಬಿದಿರಿನಿಂದ ಒಳಗೆ ತಳ್ಳಬೇಕು. ಬಾಯಿಗೆ ಬಟ್ಟೆ ಕಟ್ಟಿರುವುದರಿಂದ ಕೂಗಲಾಗುವುದಿಲ್ಲ. ಆದ್ದರಿಂದ ಹನ್ನೊಂದು ವರ್ಷದಿಂದ ನಮ್ಮದೊಂದು ರೂಢಿಯಿದೆ. ನಾನು ತೊಲೆಗೆ ಎರಡು ಸಲ ಬಡಿದರೆ ಚೆನ್ನಾಗಿದ್ದೇನೆ ಎಂದು, ಮೂರು ಸಲ ಬಡಿದರೆ ಹಾಸು ಕೊಡು ಎಂದು ಅರ್ಥ. ಜೈನಬ ಕೆಳಗಿನಿಂದ ಅಷ್ಟೇ ಸಲ ಬಡಿದು ಉತ್ತರ ಕೊಡುತ್ತಾಳೆ.

11.20ಕ್ಕೆ ಮೂರು ಸಲ ಬಡಿದೆ. ಮೂರು ಉತ್ತರ ಬಂತು, ಹಾಸು ಬರಲಿಲ್ಲ. ಮತ್ತೆ ಬಡಿದರೂ ಅದೇ ಕತೆ. ನನಗೆ ಸಿಟ್ಟು ಬೇಗ ಬರುತ್ತದೆ, ಮುಚ್ಚಿಡುವುದಿಲ್ಲ. ಹದಿನೆಂಟು ಅಡಿ ಹಿಂದಕ್ಕೆ ತೆವಳಿ, ಬಟ್ಟೆ ಬಿಚ್ಚಿ, "ಕೈಗೆ ಮೆಹಂದಿ ಹಚ್ಚಿಕೊಂಡಿಯೇನ?" ಎಂದು ಕೂಗಿದೆ. ಜೈನಬ ಅಂಗಳದಿಂದ ಕೊಡ ಹಿಡಿದು ಬಂದಳು. ತಾನು ನಲ್ಲಿಯ ಹತ್ತಿರ ಇದ್ದೆನೆಂದೂ, "ನಾ ಎಲ್ಲಿ ಬಡದೀನ್ರಿ? ಹಂಚಿನ ಮ್ಯಾಲಿನ ಕಾಗಿಗೆ ಬೈರಿ" ಎಂದೂ ಹೇಳಿದಳು.

ಕಾಗೆ ಎಲ್ಲಾದರೂ ಎಣಿಸಿ ಬಡಿಯುತ್ತದೆಯೇ? ಇದೇನು ಎಂದು ತಿಳಿಯದೆ ನನಗೆ ಊಟ ಇಳಿಯುವುದಿಲ್ಲ. ಒಳಗೆ ಹೋಗಿ ಈ ಸಲ ನಾಲ್ಕು ಬಡಿದೆ. ನಾಲ್ಕು ಬಂತು. ಐದು ಬಡಿದೆ. ಐದು ಬಂತು. ಸದ್ದು ನಡುಗೋಡೆಯ ಆಚೆಯದು.

ಗೋಡೆಯ ನೆತ್ತಿಯಲ್ಲಿ ಒಂದು ಗೇಣಿನ ಸಂದಿಯಿತ್ತು. ಬ್ಯಾಟರಿಯ ಬೆಳಕು ಬಿಟ್ಟು ಇಣುಕಿದೆ. ಆ ಕಡೆ ಒಳಸೂರಿಲ್ಲ. ಕೆಳಗೆ ಸಾಮಾನಿನ ಕೋಣೆಯಲ್ಲಿ ಒಬ್ಬ ಹೆಂಗಸು ಟ್ರಂಕಿನ ಮೇಲೆ ನಿಂತು, ಜೇಡರ ಬಲೆ ತೆಗೆಯುವ ಕೋಲನ್ನು ನಡುಗೋಡೆಗೆ ಬಡಿಯಲು ಎತ್ತಿ ಹಿಡಿದಿದ್ದಳು. "ಅಣ್ಣಾರ, ಈಗ ಬೈದವ್ರು ನೀವೇನ್ರಿ? ಬೈಗುಳ ಕೇಳಿ ನಮ್ಮ ಕಡೇವ್ರು ಅಂತ ಗೊತ್ತಾತ್ರಿ" ಎಂದಳು.

ಅವಳು ತನ್ನ ಹೆಸರು ಭೀಮಿಬಾಯಿ, ಆ ಮನೆಯ ಕೆಲಸದವಳು ಎಂದಳು. ಯಜಮಾನರು ಮೂರು ದಿನದ ಹಿಂದೆ ಫೋನು ಕಸಿದುಕೊಂಡು, ಹೊರಗಿನಿಂದ ಬೀಗ ಹಾಕಿ ಹೋಗಿದ್ದಾರೆ, ಕುಡಿಯುವ ನೀರು ನಿನ್ನೆ ಸಂಜೆ ಮುಗಿಯಿತು ಎಂದೂ ತಿಳಿಸಿದಳು. ನಾನು ಹಗ್ಗಕ್ಕೆ ಕಟ್ಟಿ ನೀರಿನ ಬಾಟಲಿ ಇಳಿಸಿದೆ. ಅವಳು ಕುಡಿಯುವುದನ್ನು ನೋಡಿ ನನಗೆ ಅಳು ಬಂತು.

12.05ಕ್ಕೆ ಸುತ್ತಿ ಹೋಗಿ ಆ ಮನೆಯ ಬಾಗಿಲಿಗೆ ಬೀಗ ಇರುವುದನ್ನು ಕಂಡೆ, ಹಂಚು ತೆಗೆಯುತ್ತೇನೆ ಎಂದೆ. "ಮಂದಿ ಮನೀ ಹಂಚಿಗೆ ಕೈ ಹಚ್ಚಬ್ಯಾಡ್ರಿ, ನಮ್ಮ ಕೊರಳಿಗೇ ಬರತೈತಿ" ಎಂದು ಜೈನಬ ತಡೆದಳು. ಆದರೂ ಏಣಿ ಹಿಡಿದು ನಿಂತವಳು ಅವಳೇ. ನಾನು ಇಪ್ಪತ್ತೆರಡು ಹಂಚು ತೆಗೆದೆ. ಎರಡು ಒಡೆದವು. ಹಂಚು ಕೂರುವ ಒಂದು ರೀಪು ಕೊಯ್ದು ಒಳಗೆ ಏಣಿ ಇಳಿಸಿದೆ. 12.50ಕ್ಕೆ ಭೀಮಿಬಾಯಿ ಹೊರಬಂದಳು. ಮೂವರೂ ನೇರವಾಗಿ ಠಾಣೆಗೆ ಬಂದೆವು.

2.10ಕ್ಕೆ ಠಾಣೆಯ ಸಾಹೇಬರು ಆ ಯಜಮಾನರಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಕೆಲಸದವಳು ಎಲ್ಲಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದರು. ಅವಳಿಗೆ ರಜೆ ಕೊಟ್ಟು ಊರಿಗೆ ಕಳಿಸಿ ಒಂದು ವಾರವಾಯಿತು ಎಂಬ ಉತ್ತರ ನಮಗೆಲ್ಲ ಕೇಳಿಸಿತು. ಭೀಮಿಬಾಯಿ ಎದುರಿನ ಬೆಂಚಿನಲ್ಲೇ ಇದ್ದಳು. ಎದ್ದು ನಿಂತು ಸಾಹೇಬರಿಗೆ ಕೈಮುಗಿದಳು.

"ಎರಡ ವರ್ಷದಿಂದ ಊರಿಗೆ ಬಿಡ್ರಿ ಅಂತ ಅವರ ಕಾಲ ಹಿಡದೇನ್ರಿ. ಇವತ್ತ ಅವರ ಬಾಯಿಂದನ ಬಂತ್ರಿ. ಅದೊಂದ ಮಾತ ಖರೇ ಮಾಡ್ರಿ" ಎಂದಳು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಹಂಚು ತೆಗೆದವನು ನಾನೇ.

ಸ್ಥಳ: ಫಾತೋರ್ಡಾ
ದಿನಾಂಕ: 14.05.2024
ಸಹಿ: ಗೂಡುಸಾಬ ದಾ. ನದಾಫ