ನಡುಬೆರಳಿನ ಹೆಸರು

…ಇಲ್ಲೋ ಸಮ್ಯಾ, ಪ್ರಾರ್ಥನಿ ಮುಗೀತು! ಆಮೆನ್ ಅನ್ನು, ಉಣ್ಣು. ದಿನಕ್ಕ ಎರಡೇ ಮಾತು ಆಡ್ತಿ, ಎರಡೂ ಆಮೆನ್. ಅದಕ್ಕೂ ಈಗ ಜಿಪುಣತನ ಏನು? ರೊಟ್ಟಿ ಆರಿ ಹಪ್ಪಳ ಆಗ್ಲತದ. ಬಾಜೂ ಮನಿ ಕುಸುಮಬಾಯಿ ಕಾಕು ಪಾಪ, ತನ್ನ ಲಿಂಗಪೂಜಿ ಲಗೂ ಮುಗಿಸಿ ನಮಗ ಪುಂಡಿಪಲ್ಯಾ ಕಳಿಸ್ಯಾಳ. ನೀ ಉಣ್ಣಲಿಲ್ಲಂದ್ರ ಆಕಿ ನನ್ನ ಕಿವಿ ಹಿಂಡ್ತಾಳ. ನಿನ್ನ ಕಿವಿ ಮುಟ್ಟಂಗಿಲ್ಲ. ನೀ ಚೀರಿದ್ರ ಔರಾದ ಶಹಾಜನಿ ಊರು ಪೂರಾ ಎದ್ದು ಕೂಡ್ತದ.

ಏನು? ಕೈ ಯಾಕ ತೋರಸ್ತಿ? ಪ್ರಾರ್ಥನಿಯಾಗ ಅವ್ವ ಒಂದೊಂದು ಹೆಸರು ಹೇಳಿದಂಗ ಒಂದೊಂದು ಬೆರಳು ಮಡಚ್ತಿ, ಗೊತ್ತದಪಾ. ಹೆಬ್ಬೆರಳು ಅಪ್ಪ, ತೋರಬೆರಳು ಅವ್ವ, ಉಂಗರಬೆರಳು ನಾ, ಕಿರಿಬೆರಳು ನೀ. ಎಲ್ಲಾ ಹೇಳೀನಿ! ಅಯ್ಯ… ನಡುಬೆರಳು ಒಂದೇ ಎತ್ತಬ್ಯಾಡೋ ಮಾರಾಯಾ! ಪಾಸ್ಟರ್ ಸಾಹೇಬ್ರು ಕಂಡ್ರ, ಇದು ಅಣ್ಣ ದಾನ್ಯಾನೇ ಕಲಿಸಿದ್ದು ಅಂತಾರ. ಊರಾಗ ಏನು ಕೆಟ್ಟರೂ ನಂದೇ ಹೆಸರು.

ಆತು, ಮತ್ತ ಹೇಳ್ತೀನಿ. ಕಣ್ಣು ಮುಚ್ಚು. "ಪರಲೋಕದ ತಂದೆಯೇ, ಈ ರೊಟ್ಟಿಗಾಗಿ ಸ್ತೋತ್ರ. ಅಪ್ಪಗ ಬಲ ಕೊಡು. ಅವ್ವಗ ಸಮಾಧಾನ ಕೊಡು. ಕುಸುಮಬಾಯಿ ಕಾಕುನ ಮಂಡಿ ನೋವು ಕಡಿಮಿ ಮಾಡು…" ಹುಂ, ಮಡಚು! ಒಲ್ಲೆ? ಯಾಕೋ, ಆಕಿ ಲಿಂಗಪೂಜಿ ಮಾಡ್ತಾಳಂತ ನಮ್ಮ ದೇವರು ಬ್ಯಾಡ ಅಂತಾನೇನು? ಹಂಗಾದ್ರ ನಿಲಂಗಾ ಬಸ್ಸಿನ ಡ್ರೈವರ್? ಅಂವಾನೂ ಬ್ಯಾಡ? ನನ್ನ ಒಂಬತ್ತನೇದಾಗ ಎರಡು ಸಲ ನಪಾಸ ಮಾಡಿ ಸಾಲಿ ಬಿಡಿಸಿದ ಹೆಡ್‌ಮಾಸ್ತರ, ಆ ಮಹಾತ್ಮಗೂ ಆಶೀರ್ವಾದ! ಹಾಂ, ನಕ್ಕಿ! ತುಟಿ ಹಂದಾಡ್ತು, ನಾ ನೋಡ್ದೆ.

ಬೆರಳು ಮಾತ್ರ ಹಂಗೇ…

ಲಾತೂರದ ಡಾಕ್ಟರ ನಿನಗ ಆಟಿಸಂ ಅಂದಾಗಿಂದ ಮುತ್ಯಾ ಏನಂತಿದ್ದ… ಅಲ್ಲ, ಏನಂತಾನ! "ದೇವರು ಇವಗ ಮಾತು ಕಡಿಮಿ ಕೊಟ್ಟಾನ, ಸುಳ್ಳು ಕೊಟ್ಟೇ ಇಲ್ಲ. ಎರಡೂ ಹೋಗಿ ದಾನ್ಯಾನ ಬಾಯಾಗ ಸುರುವ್ಯಾನ" ಅಂತ. ಮೊಮ್ಮಗಗ ಹಿಂಗ ಅಂತಾನ, ಮುದುಕನ ಬಾಯಿ ನೋಡು!

ಮೊಬೈಲ್ ಯಾಕ ನೋಡ್ಲತಿ? ಹೌದು, ಆಗಳೇ ಬಂದಿದ್ದು ಅಪ್ಪನ ಫೋನೇ. ಉದಗೀರ ದವಾಖಾನಿಯಿಂದ. ಏನಂದ? ರೇಂಜ್ ಇರಲಿಲ್ಲ, ಕೇಳಿಸಲಿಲ್ಲ… ಕೇಳಿಸಲಿಲ್ಲ ಅಂದೆನಲ್ಲ! ಉಣ್ಣೋ ಸುಮ್ಮ!

…ಬೈಲಿಲ್ಲೋ. ನಿನಗ ಬೈಲಿಲ್ಲ. ಬೆರಳು ಇಳಿಸು. ಕೈ ನೋಯ್ತದ.

ಇಳಿಸಂಗಿಲ್ಲ. ಹುಂ.

ಆತು. ಕಣ್ಣು ಮುಚ್ಚು. "ತಂದೆಯೇ… ನಮ್ಮ ಮುತ್ಯಾಗ…" ಅವ್ವ ದಿನಾ 'ಲಗೂ ಆರಾಮ ಮಾಡು' ಅಂತಾಳಲ್ಲ, ಇವತ್ತ ಹಂಗ ಅನ್ಲಾಕ ಬರಂಗಿಲ್ಲೋ ಸಮ್ಯಾ. ಇವತ್ತ ಬ್ಯಾರೆ ಅನಬೇಕು. "ನಮ್ಮ ಮುತ್ಯಾನ್ನ… ನಿನ್ನ ಬಳಿ ಇಟ್ಕೋ."

ಮಡಚಿದಿ.

ತಡಿ, ತಡಿ! ಬಾಯಿ ತೆರಿಬ್ಯಾಡ! ಅಪ್ಪ ಅವ್ವ ಬರೋತನಕ ಆಮೆನ್ ಅನಬ್ಯಾಡೋ… ನೀ ಅಂದ್ರ ಖರೇ ಆಗ್ತದ.